ಅಮ್ಮನ ಅಡುಗೆಮನೆಗೊಂದು ಡೀಸೆಲ್ ಎಂಜಿನ್

ನಿಯಮ ಪಾಲಿಸುವ ಮನುಷ್ಯನ ಬದುಕಿನಲ್ಲಿ ನಗುವಂಥದ್ದು ಏನೂ ನಡೆಯುವುದಿಲ್ಲ ಎಂದು ಜನ ತಿಳಿದಿದ್ದಾರೆ. ನನ್ನ ಅನುಭವ ಬೇರೆ. ನಿಯಮ ಮುರಿಯುವವನು ಸಿಕ್ಕಿಬಿದ್ದಾಗ ಮಾತ್ರ ಫಜೀತಿ ಪಡುತ್ತಾನೆ. ಪಾಲಿಸುವವನಿಗೆ ಅದು ದಿನನಿತ್ಯದ ಪಾಡು. ನಮ್ಮ ಹಳೆಯ ವ್ಯಾನಿಗೆ ಬೇರೆ ಎಂಜಿನ್ ಕೂರಿಸಿದ ಆ ನಾಲ್ಕು ತಿಂಗಳಲ್ಲಿ ನಡೆದದ್ದನ್ನು ಇಲ್ಲಿ ಬರೆದಿದ್ದೇನೆ. ಯಾವುದಕ್ಕೂ ಬಣ್ಣ ಹಚ್ಚಿಲ್ಲ, ಹಚ್ಚುವ ಅಗತ್ಯವೂ ಬೀಳಲಿಲ್ಲ.

ಪೂರ್ವಕ್ಕೆ ಮುಖ

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ತುಮಕೂರಿನ ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಮಾಲಿನ ತಪಾಸಣೆ ಮಾಡುತ್ತಿದ್ದೆ. ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುವುದು ನನ್ನ ಕೆಲಸ. ಮನೆಯಲ್ಲೂ ಸ್ವಲ್ಪ ಹಾಗೇ ಇದ್ದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ.

ಆದರೆ ಮನೆಯಲ್ಲಿ ನನಗಿಂತ ಬಿಗಿ ನಮ್ಮಮ್ಮ. ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕಿದವರಲ್ಲ. ತಮ್ಮ ಒಲೆಯದಲ್ಲದ ಅನ್ನ ಮುಟ್ಟಿದವರಲ್ಲ. ಹೋಟೆಲ್ ಇರಲಿ, ನೆಂಟರ ಮನೆಗೆ ಹೋದರೂ ಬೆಳಗಿನಿಂದ ಸಂಜೆವರೆಗೆ ಉಪವಾಸವಿದ್ದು ಬರುವವರು. ಹಾಗಾಗಿ ಎಪ್ಪತ್ತು ದಾಟಿದರೂ ಶ್ರೀಶೈಲ ನೋಡಿರಲಿಲ್ಲ. ಹೋಗಿ ಬರಲು ನಾಲ್ಕೈದು ದಿನ. ಅಷ್ಟು ದಿನ ಊಟ ಎಲ್ಲಿ? ನಮ್ಮ ತಂದೆ ‘ಮುಂದಿನ ವರ್ಷ ಏನಾದರೂ ಏರ್ಪಾಡು ಮಾಡ್ತೀನಿ’ ಅನ್ನುತ್ತಲೇ ತೀರಿಕೊಂಡರು. ಆ ಮಾತು ನನ್ನ ತಲೆಯ ಮೇಲೆ ಬಂತು.

ಅಷ್ಟರಲ್ಲಿ ಹಳ್ಳಿ ಹಳ್ಳಿ ಸುತ್ತಿ ಜನರ ಕಣ್ಣು ಪರೀಕ್ಷಿಸುತ್ತಿದ್ದ ಡಾಕ್ಟರೊಬ್ಬರು ನಿವೃತ್ತರಾಗಿ ತಮ್ಮ ವ್ಯಾನನ್ನು ಮಾರುತ್ತಾರೆಂದು ತಿಳಿಯಿತು. ಒಳಗೆ ಎರಡು ಮಂಚ, ಒಲೆ, ಪಾತ್ರೆಯ ಕಪಾಟು, ನಲ್ಲಿ ಇರುವ ನೀರಿನ ಡ್ರಮ್ಮು. ಡ್ರೈವರ್ ಸೀಟಿನ ಪಕ್ಕದಲ್ಲೇ ಮುಚ್ಚಳ ಹಾಕಿದ ದೊಡ್ಡ ಪೆಟ್ಟಿಗೆ, ಅದರೊಳಗೆ ಎಂಜಿನ್. ನೋಡಿದ ಕೂಡಲೇ ನನಗೆ ಹೊಳೆಯಿತು. ಅಮ್ಮ ಅಡುಗೆಮನೆ ಬಿಟ್ಟು ಬರುವುದಿಲ್ಲ ತಾನೇ? ಅಡುಗೆಮನೆಯೇ ಬರಲಿ.

ಗಾಡಿ ಮನೆ ಮುಂದೆ ನಿಂತಾಗ ಅಕ್ಕಪಕ್ಕದವರು ಎಷ್ಟು ಮೈಲೇಜು, ಯಾವ ದೇಶದ್ದು ಎಂದೆಲ್ಲ ಕೇಳಿದರು. ಅಮ್ಮ ಒಳಗೆ ಹತ್ತಿ ಒಂದೇ ಪ್ರಶ್ನೆ ಕೇಳಿದರು.

“ಒಲೆ ಮುಂದೆ ನಿಂತ್ರೆ ಮುಖ ಯಾವ ದಿಕ್ಕಿಗೆ ಬರುತ್ತೋ?”

“ಗಾಡಿ ತಿರುಗಿದ ಹಾಗೆ ದಿಕ್ಕೂ ತಿರುಗುತ್ತಮ್ಮ.”

“ಹಾಗಿದ್ರೆ ನಾನು ಒಲೆ ಹಚ್ಚೋವಾಗ ಪೂರ್ವಕ್ಕೆ ಬರೋ ಹಾಗೆ ನಿಲ್ಲಿಸು. ಅಷ್ಟು ಮಾಡಿದ್ರೆ ಬರ್ತೀನಿ.”

ಮರುದಿನವೇ ಒಂದು ದಿಕ್ಸೂಚಿ ತಂದು ಸ್ಟೀರಿಂಗ್ ಮುಂದೆ ಸ್ಕ್ರೂ ಹಾಕಿ ಕೂರಿಸಿದೆ. ಆ ಕಾಲದ ತುಮಕೂರಿನಲ್ಲಿ ಉಪ್ಪಿಟ್ಟಿಗಾಗಿ ದಿಕ್ಸೂಚಿ ಇಟ್ಟುಕೊಂಡಿದ್ದ ವಾಹನ ಅದೊಂದೇ.

ಕೆಮ್ಮುವ ಮೂರನೆಯದು

ಶ್ರೀಶೈಲಕ್ಕೆ ಮೊದಲು ಒಂದು ಸಣ್ಣ ಪ್ರಯಾಣ ಮಾಡಿ ನೋಡೋಣವೆಂದು ಗುಬ್ಬಿಯ ಕಡೆ ಹೊರಟೆ. ಊರು ಒಂದು ಮೈಲಿ ಇದೆ ಎನ್ನುವಾಗ ಒಳಗೆ ಸುತ್ತಿಗೆಯಲ್ಲಿ ಹೊಡೆದ ಹಾಗೆ ಸದ್ದಾಗಿ ಎಂಜಿನ್ ನಿಂತಿತು. ಗದ್ದೆಯಲ್ಲಿದ್ದವರು ಬಂದು ಗುಬ್ಬಿಯ ಒಂದು ಗ್ಯಾರೇಜಿನವರೆಗೆ ತಳ್ಳಿಕೊಟ್ಟರು. ಅಲ್ಲಿಯ ಮೇಸ್ತ್ರಿ ಎಂಜಿನ್ ಬಿಚ್ಚಿ, ತುಂಡಾಗಿದ್ದ ಒಂದು ಕಬ್ಬಿಣವನ್ನು ಅಂಗೈಯಲ್ಲಿಟ್ಟು ನನಗೆ ತೋರಿಸಿದ.

“ಇದು ಮುಗೀತು ಸಾ. ಇದರ ಸಾಮಾನು ಈ ದೇಶದಾಗೇ ಸಿಗಾಕಿಲ್ಲ. ಬ್ಯಾರೆ ಎಂಜಿನ್ನೇ ಕೂರಿಸ್ಬೇಕು. ಡೀಸೆಲ್ದು ತನ್ನಿ, ನಾನು ಕೂರಿಸಿಕೊಡ್ತೀನಿ.”

ಮನೆಗೆ ಬಂದು ಹೇಳಿದೆ. ಅಮ್ಮ ಬೈಯಲಿಲ್ಲ. “ಮಂಡಿ ನೋವು ವರ್ಷಕ್ಕೊಂದಿಷ್ಟು ಜಾಸ್ತಿ ಆಗ್ತಿದೆ ಕಣಪ್ಪ. ಮೆಟ್ಟಿಲು ಹತ್ತೋ ಶಕ್ತಿ ಇರೋವಾಗಲೇ ಹೋಗೋದು ಒಳ್ಳೇದು” ಅಂದರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಹುಡುಕುತ್ತ ಹುಡುಕುತ್ತ ಕುಣಿಗಲ್ ಕಡೆ ಹೋದೆ. ಮಾರ್ಕೋನಹಳ್ಳಿ ಅಣೆಕಟ್ಟಿನ ನೀರು ಹರಿಯುವ ಬಯಲಿನಲ್ಲಿ ಒಬ್ಬ ಗೌಡರು, ಹಳೆಯ ಜೀಪೊಂದರಿಂದ ಇಳಿಸಿದ ಡೀಸೆಲ್ ಎಂಜಿನ್ನಿಗೆ ಬೆಲ್ಟು ಕಟ್ಟಿ ಆಲೆಮನೆಯಲ್ಲಿ ಕಬ್ಬಿನ ಗಾಣ ತಿರುಗಿಸುತ್ತಿದ್ದರು. ಅಚ್ಚುಕಟ್ಟಾದ ಕಾಗದಪತ್ರ ಇತ್ತು. ಮಾರಲು ಒಪ್ಪಿದರು.

ನಾನು ಹೋಗುವಾಗ ಪರೀಕ್ಷೆಯ ಒಂದು ಪಟ್ಟಿಯನ್ನೇ ಟೈಪ್ ಮಾಡಿಸಿಕೊಂಡು ಹೋಗಿದ್ದೆ, ಇಪ್ಪತ್ತೆರಡು ಅಂಶಗಳು. ಗೌಡರು ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಮೂರು ವರ್ಷದಿಂದ ಬೆಲ್ಲ ತೆಗೀತಾ ಇವ್ನಿ ಸ್ವಾಮಿ ಇದ್ರಾಗೆ. ಬೆಲ್ಲ ತಿಂದು ನೋಡಿ, ಗೊತ್ತಾಗ್ತದೆ.”

“ಬೆಲ್ಲ ಬೇರೆ, ಎಂಜಿನ್ ಬೇರೆ.”

“ಮಾಡ್ಕಳಿ ಬುಡಿ. ಆದ್ರೆ ಈ ಕೊಪ್ಪರಿಗೆ ಇಳ್ಸೋಗಂಟ ನಿಲ್ಲಿಸಾಕಿಲ್ಲ. ಅಲ್ಲೀಗಂಟ ಹೇಳಿ, ಯಾಕೆ ಬೇಕು ಈ ಎಂಜಿನ್ನು?”

ಹೇಳಿದೆ. ಕೊಪ್ಪರಿಗೆಯ ಹತ್ತಿರ ನಿಂತು ಕುದಿಯುವ ಕಬ್ಬಿನ ಹಾಲು ಕಲಕುತ್ತಿದ್ದ ಅವರ ಹೆಂಡತಿ ಅಮ್ಮನ ಶ್ರೀಶೈಲದ ಕಥೆಯನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ಗಾಣ ನಿಂತಿತು. ನಾನು ಕಂಪ್ರೆಷನ್ ಅಳೆಯುವ ಗೇಜು ಹಾಕಿ, ಎಂಜಿನ್ನಿಗೆ ಸ್ಕ್ರೂಡ್ರೈವರ್ ಇಟ್ಟು ಸದ್ದು ಕೇಳಲು ಅದರ ಹಿಡಿ ಕಿವಿಗೆ ಒತ್ತಿ, ನಿಲ್ಲಿಸಿ, ಓಡಿಸಿ, ಎರಡು ಗಂಟೆ ಹೊತ್ತು ಪರೀಕ್ಷೆ ಮಾಡಿದೆ. ಇಪ್ಪತ್ತೊಂದು ಅಂಶ ಸರಿ. ಒಂದೇ ಒಂದು ಸಂಶಯ: ಮೂರನೆಯ ಸಿಲಿಂಡರಿನಲ್ಲಿ ಒತ್ತಡ ಕೊಂಚ ಕಡಿಮೆ. ಅದನ್ನು ಗಂಭೀರವಾಗಿ ಪಟ್ಟಿಯಲ್ಲಿ ಬರೆಯುತ್ತಿದ್ದಾಗ ಆ ಹೆಂಗಸು ಅಲ್ಲಿಂದಲೇ ಕೇಳಿದರು.

“ಮೂರನೇದು ತಾನೇ ಸ್ವಾಮಿ? ಹೋದ ಸುಗ್ಗಿಯಿಂದ ವಸಿ ಕೆಮ್ತದೆ ಅದು. ರಿಪೇರಿ ಮಾಡಿಸ್ಕಳಿ.”

ಗೌಡರು ತಲೆ ಚಚ್ಚಿಕೊಂಡರು. “ಮಾರೋವಾಗ ಅದ್ನ ಹೇಳ್ತಾರೇನಮ್ಮಿ?”

“ಶ್ರೀಶೈಲದ ಮಲ್ಲಯ್ಯನ ತಾವ್ಕೆ ಹೋಗೋ ಗಾಡಿ. ಸುಳ್ಳು ಹೇಳಿ ಕಳಿಸ್ಲಾ?”

ಆಕೆ ಎಂಜಿನ್ನಿನ ಹತ್ತಿರವೂ ಬಂದಿರಲಿಲ್ಲ. ಬೆನ್ನು ಈ ಕಡೆ, ಕೈ ಕೊಪ್ಪರಿಗೆಯಲ್ಲಿ. ಅಂಥ ಕಿವಿ ನಮ್ಮ ಕಾರ್ಖಾನೆಯಲ್ಲಿ ಒಂದು ಇದ್ದಿದ್ದರೆ, ನನ್ನನ್ನೂ ಸೇರಿಸಿ ಆರು ಜನ ತಪಾಸಣೆಯವರು ಕೆಲಸ ಬಿಟ್ಟು ಮನೆಗೆ ಹೋಗಬೇಕಾಗುತ್ತಿತ್ತು.

ನಕ್ಷೆ ಮತ್ತು ದಾರ

ಎಂಜಿನ್ ಲಾರಿಯಲ್ಲಿ ಗುಬ್ಬಿಗೆ ಬಂತು. ಜೊತೆಗೆ ಬೆಲ್ಲದ ಇರುವೆಗಳೂ ಬಂದವು. ಅವುಗಳನ್ನು ಬಿಡಿಸುವುದಕ್ಕೇ ಮೇಸ್ತ್ರಿಗೆ ಎರಡು ದಿನ ಹಿಡಿಯಿತು. ಆ ಎರಡು ದಿನ ನಾನು ಮನೆಯಲ್ಲಿ ಕೂತು ನಕ್ಷೆ ಬರೆದೆ. ಎಂಜಿನ್ ಎಲ್ಲಿ ಕೂರಬೇಕು, ತೊಟ್ಟಿಲಿನ ಹಾಗೆ ಅದನ್ನು ಹಿಡಿಯುವ ಕಬ್ಬಿಣದ ಚೌಕಟ್ಟಿಗೆ ತೂತು ಎಲ್ಲಿ ಬೀಳಬೇಕು, ಎಲ್ಲವೂ ಮಿಲಿಮೀಟರಿನಲ್ಲಿ. ಮೂರು ಬಣ್ಣದ ಮಸಿ. ನನ್ನ ಇಂಗ್ಲಿಷ್ ಮೀಡಿಯಂ ಶಾಲೆಯ ಡ್ರಾಯಿಂಗ್ ಮಾಸ್ತರರು ನೋಡಿದ್ದರೆ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದರು.

ಮೇಸ್ತ್ರಿಯ ಹತ್ತಿರ ಇದ್ದದ್ದು ಒಂದು ಗೋಣಿದಾರ. ಅದನ್ನು ಎಂಜಿನ್ನಿಗೆ ಒಂದು ಸಲ, ವ್ಯಾನಿನೊಳಗೆ ಒಂದು ಸಲ ಹಿಡಿದು ಅಲ್ಲಲ್ಲಿ ಗಂಟು ಹಾಕಿಕೊಂಡಿದ್ದ.

“ಇದೇನಪ್ಪ?” ಅಂದೆ.

“ಅಳತೆ ಸಾ.”

“ಇದು ಅಳತೆಯಲ್ಲ, ಗೋಣಿದಾರ. ಎಳೆದರೆ ಉದ್ದವಾಗುತ್ತೆ. ಇಗೋ ನಕ್ಷೆ. ಇದರ ಪ್ರಕಾರ ತೂತು ಹಾಕು. ಒಂದು ಮಿಲಿಮೀಟರ್ ಆ ಕಡೆ ಈ ಕಡೆ ಹೋಗಬಾರದು.”

ಅವನು ನಕ್ಷೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಗೋಡೆಯ ಮೇಲಿದ್ದ ದೇವರ ಫೋಟೊ ಪಕ್ಕ ಅಂಟಿಸಿದ. ಒಂದು ಮಿಲಿಮೀಟರೂ ತಪ್ಪದೆ ತೂತು ಹಾಕಿದ. ಆ ಭಾನುವಾರ ಗ್ಯಾರೇಜಿನ ಹುಣಸೆಮರದ ಕೊಂಬೆಗೆ ಸರಪಣಿ ರಾಟೆ ಕಟ್ಟಿ ಎಂಜಿನ್ ಎತ್ತಿದರು. ಕೆಳಗೆ ವ್ಯಾನನ್ನು ತಳ್ಳಿ ನಿಲ್ಲಿಸಿ, ನಿಧಾನವಾಗಿ ಇಳಿಸಿದರು. ನನ್ನ ತೂತುಗಳೂ ಎಂಜಿನ್ನಿನ ಬೋಲ್ಟುಗಳೂ ಗಂಡು ಹೆಣ್ಣಿನ ಜಾತಕದ ಹಾಗೆ ಕೂಡಿದವು. ನಾನು ಸುತ್ತಲೂ ನಿಂತವರನ್ನು ಒಮ್ಮೆ ನೋಡಿದೆ.

ಆಗ ಮೇಸ್ತ್ರಿ ಮೂಲೆಯಿಂದ ಫ್ಯಾನ್ ತಂದು ನನ್ನ ಕೈಗೆ ಕೊಟ್ಟ. “ಇದ್ನ ಎಲ್ಲಿ ಹಾಕ್ಲಿ ಸಾ?”

ಆಲೆಮನೆಯಲ್ಲಿ ಎಂಜಿನ್ನನ್ನು ಕಾಲುವೆಯ ನೀರು ಹಾಯಿಸಿ ತಣ್ಣಗಿಡುತ್ತಿದ್ದರು. ಹಾಗಾಗಿ ಅಲ್ಲಿ ಫ್ಯಾನ್ ಬಿಚ್ಚಿಟ್ಟಿದ್ದರು, ಲಾರಿಯಲ್ಲಿ ಬೇರೆಯಾಗಿ ಹಾಕಿ ಕಳಿಸಿದ್ದರು. ನಾನು ಅಳೆದದ್ದು ಫ್ಯಾನ್ ಇಲ್ಲದ ಎಂಜಿನ್ನನ್ನು. ಈಗ ರೇಡಿಯೇಟರಿಗೂ ಎಂಜಿನ್ನಿಗೂ ನಡುವೆ ಒಂದು ಅಂಗೈ ತೂರಿಸಲೂ ಜಾಗವಿರಲಿಲ್ಲ. ಮೇಸ್ತ್ರಿಯ ದಾರ ತೆಗೆದು ನೋಡಿದೆ. ಫ್ಯಾನಿಗೆಂದೇ ಒಂದು ಗಂಟು ಇತ್ತು.

“ನಿನಗೆ ಗೊತ್ತಿತ್ತಲ್ಲೋ. ಯಾಕೆ ಹೇಳಲಿಲ್ಲ?”

“ನೀವು ಇಂಗ್ಲಿಷ್ನಾಗೆ ಬರ್ದಿದ್ರಿ. ಫ್ಯಾನೂ ಅದ್ರೊಳಗೇ ಎಲ್ಲೋ ಇರ್ತದೆ ಅಂದ್ಕಂಡೆ.”

ಬೇರೆಯವರ ಮಾಲಿಗೆ ಒಂದು ನ್ಯಾಯ, ನನ್ನ ಮಾಲಿಗೆ ಇನ್ನೊಂದು ಇರಲು ಸಾಧ್ಯವಿಲ್ಲ. ನಕ್ಷೆಯನ್ನು ಗೋಡೆಯಿಂದ ಬಿಚ್ಚಿ, ಅದರ ಮೇಲೆ ಕೆಂಪು ಮಸಿಯಲ್ಲಿ ‘ತಿರಸ್ಕೃತ’ ಎಂದು ಬರೆದು ಸಹಿ ಹಾಕಿ ಅವನ ಕೈಗೇ ಕೊಟ್ಟೆ. ಅವನು ದಾರ ಹಿಡಿದು ಮೂರು ಇಂಚು ಹಿಂದೆ ಹೊಸ ತೂತು ಹಾಕಿದ. ಎಂಜಿನ್ ಕೂತಿತು, ಫ್ಯಾನ್ ಕೂತಿತು, ಮೂರನೆಯ ಸಿಲಿಂಡರಿನ ಕೆಮ್ಮೂ ಹೋಯಿತು. ಕೀ ತಿರುಗಿಸಿದರೆ ಒಂದೇ ಸಲಕ್ಕೆ ಓಡಿತು. ಆ ಸದ್ದು ಕೇಳಿ ನನಗಾದ ಹೆಮ್ಮೆಯಲ್ಲಿ ಅರ್ಧ ಅವನದೆಂದು ಅವನಿಗೇ ಹೇಳಿದೆ.

ತಿರಸ್ಕೃತವಾದ ನಕ್ಷೆಯನ್ನು ಮಾತ್ರ ಅವನು ಮತ್ತೆ ದೇವರ ಪಕ್ಕವೇ ಅಂಟಿಸಿದ. ಕೇಳಿದರೆ, “ಕೆಂಪು ಅಕ್ಸರ ಬಂದ ಮ್ಯಾಲೆ ಇನ್ನೂ ಲಕ್ಷಣವಾಗೈತೆ ಸಾ” ಅಂದ.

ನಾಲ್ಕು ಟೈರಿನ ಎತ್ತಿನ ಗಾಡಿ

ಎಂಜಿನ್ ಬದಲಾದ ಮೇಲೆ ಗಾಡಿಯ ಪುಸ್ತಕದಲ್ಲಿ ಹೊಸ ನಂಬರ್ ಬರೆಸಬೇಕು. ಮೋಟಾರ್ ಇನ್ಸ್‌ಪೆಕ್ಟರ್ ಬಂದು ನೋಡಿ ಸಹಿ ಹಾಕುವವರೆಗೆ ಅದನ್ನು ರಸ್ತೆಯಲ್ಲಿ ಓಡಿಸುವುದು ತಪ್ಪು ಎಂಬುದು ನನ್ನ ನಿಲುವು. ಇನ್ಸ್‌ಪೆಕ್ಟರ್ ಇರುವುದು ತುಮಕೂರಿನಲ್ಲಿ, ಗಾಡಿ ಇರುವುದು ಗುಬ್ಬಿಯಲ್ಲಿ.

“ಓಡಿಸ್ಕಂಡು ಹೋಗಿ ಸಾ, ಮುಕ್ಕಾಲು ಗಂಟೆ ದಾರಿ. ಯಾರು ನೋಡ್ತಾರೆ?” ಅಂದ ಮೇಸ್ತ್ರಿ.

“ನಾನು ನೋಡುತ್ತೇನೆ.”

ಎರಡು ಜೊತೆ ಎತ್ತು ಗೊತ್ತು ಮಾಡಿದೆ. ವ್ಯಾನಿನ ಮುಂದೆ ಮೂಕಿಯ ಉದ್ದ ಮರ ಕಟ್ಟಿ, ನೊಗ ಹೂಡಿದ್ದಾಯಿತು. ನಾನು ಸ್ಟೀರಿಂಗ್ ಹಿಡಿದು ಕೂತೆ. ಎತ್ತಿನವನು ಪಕ್ಕದಲ್ಲಿ ನಡೆಯುತ್ತಿದ್ದ. ಮೇಸ್ತ್ರಿಗೆ ಮಾತ್ರ ಅವಮಾನ ತಡೆಯಲಾಗಲಿಲ್ಲ. ತನ್ನ ಕೈಯಾರೆ ಓಡುವಂತೆ ಮಾಡಿದ ಗಾಡಿಯನ್ನು ಎತ್ತು ಎಳೆದುಕೊಂಡು ಹೋದರೆ ಇನ್ನು ಗುಬ್ಬಿಯಲ್ಲಿ ಯಾರು ಅವನ ಹತ್ತಿರ ಕೆಲಸ ತರುತ್ತಾರೆ? ಸೈಕಲ್ ಏರಿ ಮುಂದೆ ಮುಂದೆ ಹೋಗುತ್ತ ಎದುರಿಗೆ ಸಿಕ್ಕವರಿಗೆಲ್ಲ ಹೇಳಿದ: “ಎಂಜಿನ್ ಚಿನ್ನದಂಗೈತೆ ಕಣ್ರಪ್ಪ. ಕೆಟ್ಟಿಲ್ಲ. ಕಾಗದ ಇಲ್ಲ, ಅದ್ಕೇ ಎತ್ತು.” ಅದನ್ನು ಕೇಳಿದವರು ಎಂಜಿನ್ ಬಿಟ್ಟು ನನ್ನನ್ನು ನೋಡುತ್ತಿದ್ದರು.

ಬೆಳಗ್ಗೆ ಹೊರಟವರು ಮಧ್ಯಾಹ್ನದ ಹೊತ್ತಿಗೆ ತುಮಕೂರಿನ ಅಂಚಿಗೆ ಬಂದೆವು. ಅಲ್ಲಿ ನಗರಸಭೆಯ ಪೇದೆಯೊಬ್ಬ ಊರೊಳಗೆ ಬರುವ ಎತ್ತಿನ ಗಾಡಿಗಳ ಪರವಾನಗಿಯ ತಗಡಿನ ಬಿಲ್ಲೆ ನೋಡುತ್ತ ನಿಂತಿದ್ದ. ನಮ್ಮನ್ನೂ ನಿಲ್ಲಿಸಿದ.

“ಬಿಲ್ಲೆ ಎಲ್ಲಿ?”

ಎತ್ತಿನವನು, “ಗಾಡೀಲೈತೆ. ಗಾಡಿ ಗುಬ್ಬೀಲೈತೆ” ಅಂದ.

ನಾನು ತಲೆ ಹೊರಗೆ ಹಾಕಿದೆ. “ಇದು ಮೋಟಾರು ವಾಹನ. ಬಿಲ್ಲೆ ಬೇಕಾಗಿಲ್ಲ.”

“ಮೋಟಾರಾದ್ರೆ ಓಡಿಸಿ ಸ್ವಾಮಿ, ದಾರಿ ಬಿಡ್ತೀನಿ.”

“ಓಡಿಸುವ ಹಾಗಿಲ್ಲ. ಎಂಜಿನ್ನಿಗೆ ಇನ್ನೂ ಕಾಗದವಾಗಿಲ್ಲ.”

“ಹಾಗಾದ್ರೆ ಎತ್ತಿನ ಗಾಡಿ. ಬಿಲ್ಲೆ ತನ್ನಿ.”

ಅವನ ತರ್ಕದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಇಂಥ ನೌಕರನೊಬ್ಬ ಊರಿನ ಬಾಗಿಲಲ್ಲಿ ನಿಂತಿದ್ದಾನೆಂದು ನನಗೆ ಒಳಗೊಳಗೇ ಸಂತೋಷವೇ ಆಯಿತು. ಮೇಸ್ತ್ರಿಯ ಸೈಕಲ್ಲಿನ ಹಿಂದೆ ಕೂತು ನಗರಸಭೆಯ ಕಚೇರಿಗೆ ಹೋದೆ. ಗುಮಾಸ್ತರು ಅರ್ಜಿ ತೆಗೆದು ತಲೆ ಎತ್ತದೆ ಕೇಳುತ್ತ ಬರೆದುಕೊಂಡರು.

“ಎತ್ತು?”

“ನಾಲ್ಕು.”

“ಚಕ್ರ ಮರದ್ದೋ, ಟೈರಿಂದೋ?”

“ಟೈರು.”

“ಎರಡು ಟೈರು.”

“ನಾಲ್ಕು. ಸ್ಟೆಪ್ನಿ ಬೇರೆ ಇದೆ.”

ಗುಮಾಸ್ತರು ಪೆನ್ನು ಕೆಳಗಿಟ್ಟು ಮೊದಲ ಸಲ ನನ್ನ ಮುಖ ನೋಡಿದರು. “ಎತ್ತಿನ ಗಾಡಿ ಪಂಕ್ಚರ್ ಆಗುತ್ತೆ ಅಂತ ಇಷ್ಟು ಮುಂದಾಲೋಚನೆ ಮಾಡಿದವರನ್ನ ನಾನು ನೋಡೇ ಇಲ್ಲ ಸ್ವಾಮಿ.”

ಹೊರಟ ಗಾಡಿ

ಬಿಲ್ಲೆ ತಗುಲಿಸಿಕೊಂಡು ಗಾಡಿ ಮನೆ ಮುಂದೆ ಬಂದು ನಿಂತಿತು. ಅಮ್ಮ ಶುಕ್ರವಾರ ತಲೆಗೆ ಸ್ನಾನ ಮಾಡಿ, ಎಂಜಿನ್ ಪೆಟ್ಟಿಗೆಯ ಮುಚ್ಚಳ ತೆಗೆಸಿ, ಅದಕ್ಕೆ ಪೂಜೆ ಮಾಡಿದರು. ಮೂರು ಬೆರಳಲ್ಲಿ ಅಡ್ಡಡ್ಡ ವಿಭೂತಿ ಬಳಿದರು, ಗಟ್ಟಿಯಾಗಿ. ಮೇಲೆ ಬಿಲ್ವಪತ್ರೆ, ಕಣಗಿಲೆ ಹೂವು.

ಅದೇ ಸಂಜೆ ನನ್ನ ಅರ್ಜಿಯ ಪ್ರಕಾರ ಮೋಟಾರ್ ಇನ್ಸ್‌ಪೆಕ್ಟರ್ ಬಂದರು. ನಿವೃತ್ತಿಯ ಹತ್ತಿರ ಇದ್ದ, ಮಾತು ಕಡಿಮೆಯ ಮನುಷ್ಯ. ಹಣೆಯ ಮೇಲೆ ಅವರಿಗೂ ವಿಭೂತಿ. ಬ್ಯಾಟರಿ ಹಾಕಿ ಎಂಜಿನ್ ನಂಬರ್ ಹುಡುಕಿದರು. ನಂಬರ್ ಕೊರೆದಿದ್ದ ಜಾಗದ ಮೇಲೆ ನೇರವಾಗಿ ಅಮ್ಮನ ಮೂರು ಗೆರೆ ಕೂತಿತ್ತು. ಅವರು ಚಪ್ಪಲಿ ಬಿಟ್ಟು ಎಂಜಿನ್ನಿಗೆ ಕೈ ಮುಗಿದು ಹಿಂದೆ ಸರಿದರು.

“ಸ್ವಲ್ಪ ಒರೆಸಿಕೊಡಿ ಸ್ವಾಮಿ.”

ನಾನು ಬಟ್ಟೆ ತೆಗೆದುಕೊಂಡೆ. ಅಮ್ಮ ಬಾಗಿಲಲ್ಲಿ ನಿಂತಿದ್ದರು. ಬಟ್ಟೆಯನ್ನು ಇನ್ಸ್‌ಪೆಕ್ಟರಿಗೆ ಕೊಟ್ಟೆ. ಅವರು ಅದನ್ನು ಮಡಿಸಿ ನನಗೇ ವಾಪಸ್ ಕೊಟ್ಟರು.

“ಇವತ್ತು ಮಾಡಿದ ಪೂಜೆ ಇವತ್ತೇ ಅಳಿಸ್ತಾರೇನಪ್ಪ?” ಅಮ್ಮ ಅವರನ್ನೇ ಕೇಳಿದರು. “ಬೆಳಗ್ಗೆ ಬನ್ನಿ. ನಾನು ನಿರ್ಮಾಲ್ಯ ತೆಗೆದು ತೊಳೀತೀನಲ್ಲ, ಆಗ ಓದ್ಕೊಳ್ಳಿ.”

“ಆಗಲಿ ತಾಯಿ” ಅಂದುಬಿಟ್ಟರು.

ಶನಿವಾರ ಬೆಳಗ್ಗೆ ಏಳೂವರೆಗೆ ಬಂದು ಕಾದರು. ಅಮ್ಮನ ಲಿಂಗಪೂಜೆ ಮುಗಿದು, ಹೂವು ತೆಗೆದು, ತೀರ್ಥದಂತೆ ನೀರು ಹಾಕಿ ತೊಳೆದು, ಮತ್ತೆ ವಿಭೂತಿ ಹಚ್ಚುವುದಕ್ಕೆ ಮೊದಲು ಸಿಕ್ಕ ಅರ್ಧ ನಿಮಿಷದಲ್ಲಿ ಇನ್ಸ್‌ಪೆಕ್ಟರು ನಂಬರ್ ಓದಿ ಬರೆದುಕೊಂಡರು. ಆಮೇಲೆ ಬ್ರೇಕು, ದೀಪ, ಹಾರನ್ನು ಎಲ್ಲ ನೋಡಿದರು. ಉಪ್ಪಿಟ್ಟು ತಿಂದರು. ಉಳಿದದ್ದು ಒಂದೇ ಕಾಲಂ: ರಸ್ತೆಯ ಮೇಲೆ ಓಡಿಸಿ ನೋಡುವುದು. ಆಗ ಗಂಟೆ ಎಂಟೂ ಮುಕ್ಕಾಲು.

“ಒಂದು ಫರ್ಲಾಂಗ್ ಓಡಿಸಿ. ನಾನು ಒಳಗೆ ಕೂತಿರ್ತೀನಿ. ವಾಪಸ್ ಬಂದು ಸಹಿ ಹಾಕ್ತೀನಿ” ಅಂದರು.

ನಾನು ಕೀ ತಿರುಗಿಸುವ ಹೊತ್ತಿಗೆ ಹಿಂದಿನ ಬಾಗಿಲು ತೆರೆದು ಅಮ್ಮ ಹತ್ತಿದರು. ಅವರ ಹಿಂದೆ ಟ್ರಂಕು ಹಿಡಿದು ನನ್ನ ಹೆಂಡತಿ.

“ಒಂಬತ್ತಕ್ಕೆ ರಾಹುಕಾಲ ಕೂಡುತ್ತೆ. ಅಷ್ಟರೊಳಗೆ ಹೊಸ್ತಿಲು ದಾಟಿದ್ರೆ ಶ್ರೀಶೈಲಕ್ಕೆ ಹೊರಟ ಲೆಕ್ಕವೇ. ನಡಿ” ಅಂದರು ಅಮ್ಮ.

“ಅಮ್ಮ, ಇದು ಪರೀಕ್ಷೆ. ಫರ್ಲಾಂಗ್ ಹೋಗಿ ವಾಪಸ್ ಬರಬೇಕು. ಇನ್ನೂ ಸಹಿ ಆಗಿಲ್ಲ. ನನ್ನ ರಜೆ ನಾಳೆಯಿಂದ. ದಾರಿಯ ನಕ್ಷೆ ಮೇಜಿನ ಮೇಲಿದೆ.”

“ಹೊರಟ ಗಾಡಿ ತಿರುಗಿಸ್ಬಾರ್ದು ಕಣೋ.”

ನಾನು ಕಾನೂನಿನ ನೆರವು ಕೇಳಿ ಇನ್ಸ್‌ಪೆಕ್ಟರ ಕಡೆ ನೋಡಿದೆ. ಅವರು ಕಿಟಕಿಯಿಂದ ಹೊರಗೆ ನೋಡುತ್ತ, “ಅಮ್ಮಾವ್ರು ಹೇಳೋದು ಸರಿ. ಹೊರಟ ಮೇಲೆ ತಿರುಗಿಸೋದು ಶ್ರೇಯಸ್ಸಲ್ಲ. ಪರೀಕ್ಷೆ ಇಷ್ಟೇ ದೂರ ಇರ್ಬೇಕು ಅಂತ ಎಲ್ಲೂ ಬರೆದಿಲ್ಲ” ಅಂದರು. ನನಗೆ ತಿಳಿದ ಮಟ್ಟಿಗೆ ಬರೆದಿರಲಿಲ್ಲ. ಇನ್ಸ್‌ಪೆಕ್ಟರು ಒಳಗೆ ಕೂತಿರುವಷ್ಟು ಹೊತ್ತು ಗಾಡಿ ಪರೀಕ್ಷೆಯಲ್ಲಿದೆ, ಕಾನೂನಿನ ಒಳಗಿದೆ. ಓಡಿಸಿದೆ. ಕಾರ್ಖಾನೆಯ ಹತ್ತಿರ ನಿಲ್ಲಿಸಿ ಗೇಟಿನವನ ಕೈಗೆ ಒಂದು ದಿನದ ರಜೆಯ ಚೀಟಿ ಕೊಟ್ಟು, ಮತ್ತೆ ಓಡಿಸಿದೆ.

ಕೊರಟಗೆರೆಯ ಬಸ್ ನಿಲ್ದಾಣದ ಮುಂದೆ ನಿಲ್ಲಿಸಿದೆ. ಇನ್ಸ್‌ಪೆಕ್ಟರು ಪುಸ್ತಕ ತೆಗೆದು, ‘ಕೊರಟಗೆರೆಯವರೆಗೆ ಓಡಿಸಿ ನೋಡಲಾಗಿದೆ, ಅತ್ಯಂತ ತೃಪ್ತಿಕರ’ ಎಂದು ಬರೆದು, ಸಹಿ ಹಾಕಿ, ಸೀಲು ಒತ್ತಿದರು. ನಾನು ಕೈ ಕುಲುಕಿ, ಬಾಗಿಲು ತೆರೆದು ಹಿಡಿದೆ. ಅವರು ಇಳಿಯಲಿಲ್ಲ.

“ಅಲ್ಲ ಸ್ವಾಮಿ” ಅಂದರು ನಿಧಾನವಾಗಿ. “ಗಾಡಿ ತಿರುಗಿಸ್ಬಾರ್ದು ಅಂದ್ರೆ, ಅದ್ರಲ್ಲಿ ಕೂತೋನು ತಿರುಗಬಹುದಾ? ನಾನೂ ಶ್ರೀಶೈಲ ನೋಡಿಲ್ಲ.”

“ಕೂತ್ಕೊಳಪ್ಪ. ಅಕ್ಕಿ ಬೇಕಾದಷ್ಟಿದೆ” ಅಂದರು ಅಮ್ಮ.

ಇನ್ಸ್‌ಪೆಕ್ಟರು ತುಮಕೂರಿನ ಬಸ್ಸಿನ ಕಂಡಕ್ಟರ ಕೈಲಿ ತಮ್ಮ ಮನೆಗೆ ಹೇಳಿ ಕಳಿಸಿದರು. ಎಂಜಿನ್ ಪೆಟ್ಟಿಗೆಯ ಮುಚ್ಚಳವನ್ನೇ ಮೇಜು ಮಾಡಿಕೊಂಡು ಸೋಮವಾರದಿಂದ ರಜೆಗೆ ಅರ್ಜಿ ಬರೆಯಲು ಕೂತರು. ಕಾರಣದ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. “ಜ್ವರ ಅಂತ ಬರೀಲಾ?”

“ಸುಳ್ಳು ಬರೆಯುವುದಾದರೆ ಇಲ್ಲೇ ಇಳಿಯಿರಿ” ಅಂದೆ. ಅವರು ಕೊಂಚ ಯೋಚಿಸಿ, ‘ಕರ್ತವ್ಯದ ಮೇಲೆ ಹತ್ತಿದ ವಾಹನವು ಶ್ರೀಶೈಲಕ್ಕೆ ಹೊರಟಿದ್ದು, ನಡುವೆ ಇಳಿಯಬಾರದೆಂದು ಹಿರಿಯರು ಅಭಿಪ್ರಾಯಪಟ್ಟಿರುವುದರಿಂದ’ ಎಂದು ಬರೆದು ಟಪಾಲು ಪೆಟ್ಟಿಗೆಗೆ ಹಾಕಿದರು.

ಎಂಜಿನ್ ದಾರಿಯಲ್ಲಿ ಒಂದು ಸಲವೂ ಕೆಮ್ಮಲಿಲ್ಲ. ಶ್ರೀಶೈಲದ ಬೆಟ್ಟದ ಮೇಲೆ ಗಾಡಿಯನ್ನು ಪೂರ್ವ ನೋಡಿಕೊಂಡು ನಿಲ್ಲಿಸಿದೆ. ಅಮ್ಮ ದರ್ಶನ ಮಾಡಿ ಬಂದು, ತಮ್ಮ ಒಲೆಯ ಮೇಲೆ ತಾವೇ ಮಾಡಿದ ಅನ್ನ ಸಾರು ಬಡಿಸಿಕೊಂಡು ಊಟಕ್ಕೆ ಕೂತರು. ಮೊದಲ ತುತ್ತು ಬಾಯಿಗಿಡುವ ಮುನ್ನ ನನ್ನನ್ನು ನೋಡಿ, “ನಿಮ್ಮಪ್ಪನ ಮಾತು ನೀನು ನಡೆಸಿಕೊಟ್ಟೆ ಕಣೋ” ಅಂದರು. ನಾನು ಗಾಜು ಒರೆಸುವ ನೆಪದಲ್ಲಿ ಗಾಡಿಯ ಆ ಕಡೆ ಹೋಗಿ ಸ್ವಲ್ಪ ಹೊತ್ತು ನಿಂತಿದ್ದೆ.

ವಾಪಸ್ ಬಂದ ಮರುದಿನ ಇನ್ಸ್‌ಪೆಕ್ಟರು ಕಚೇರಿಗೆ ಹೆದರುತ್ತಲೇ ಹೋದರಂತೆ. ಮೇಜಿನ ಮೇಲೆ ಅವರ ಅರ್ಜಿ ಇತ್ತು. ಮೇಲಧಿಕಾರಿಗಳು ಬದಿಯಲ್ಲಿ ಹಸಿರು ಮಸಿಯಲ್ಲಿ ಬರೆದಿದ್ದರು: ‘ರಜೆ ಮಂಜೂರು. ಪ್ರಸಾದ ಹಾಜರುಪಡಿಸತಕ್ಕದ್ದು.’